ಆನೆಗೊಂದಿಯ ನೆರಳಿನಲ್ಲಿ ಇತಿಹಾಸ ನಡಿಗೆ: ಮೊದಲ ಸಲ ಮುಂದೆ ನಡೆಯುವವರಿಗೆ ಹಂತ ಹಂತದ ಕೈಪಿಡಿ

ಬೆಳಗಿನ ಆರೂವರೆಗೆ ಆನೆಗೊಂದಿಯ ಓಣಿಯೊಂದರಲ್ಲಿ ನಿಂತಿದ್ದೆ. ಬಾಗಿಲಿಗೆ ನೀರು ಚೆಲ್ಲುತ್ತಿದ್ದ ಅಜ್ಜಿಯೊಬ್ಬರು ನನ್ನ ಕೈಯ ನೋಟ್‌ಬುಕ್ ನೋಡಿ ಕೇಳಿದರು: “ಇಲ್ಲೇನೈತ್ರೀ ನೋಡಾಕ? ನೋಡೋದೆಲ್ಲ ಹೊಳಿ ಆಚಿ ಕಡಿ ಐತಿ.” ಹೊಳೆಯಾಚೆ ಎಂದರೆ ಹಂಪಿ. ಅಜ್ಜಿ ನೀರು ಚೆಲ್ಲುತ್ತಿದ್ದ ಮೆಟ್ಟಿಲುಗಲ್ಲಿನ ಒಂದು ಮಗ್ಗುಲಲ್ಲಿ ಕಮಲದ ಎಸಳುಗಳು ಸಾಲಾಗಿ ಕೊರೆದಿದ್ದವು. ಯಾವುದೋ ಕಟ್ಟಡದ ಪೀಠವಾಗಿದ್ದ ಕಲ್ಲು ಈಗ ಮನೆಯೊಂದಕ್ಕೆ ಮೊದಲ ಮೆಟ್ಟಿಲು. ನೋಡುವುದು ಇಲ್ಲಿಯೂ ಇದೆ ಎಂದು ಆ ಕಲ್ಲೇ ಹೇಳುತ್ತಿತ್ತು.

ಗಂಗಾವತಿ ತಾಲೂಕಿನ ಆನೆಗೊಂದಿ ತುಂಗಭದ್ರೆಯ ಉತ್ತರ ದಂಡೆಯ ಊರು. ವಿಜಯನಗರಕ್ಕಿಂತ ಹಳೆಯದು. ಬಂಡೆಗುಡ್ಡಗಳ ನಡುವೆ ಬಾಳೆತೋಟ, ತೆಂಗು, ಹುಣಸೆ, ಬೇವು, ಅರಳಿ. ಆ ಹಸಿರಿನ ಮಧ್ಯೆ ಕೋಟೆ, ಗುಡಿ, ಮಠ, ಮಾಳಿಗೆ ಮನೆಗಳು. ಎರಡೂವರೆ ತಾಸಿನಲ್ಲಿ ನಡೆದು ನೋಡಬಹುದಾದ ಊರು. ನಿಮ್ಮ ಶಾಲೆಯ ಮಕ್ಕಳನ್ನೋ, ಗೆಳೆಯರನ್ನೋ, ಬೆಂಗಳೂರಿನಿಂದ ಬಂದ ನೆಂಟರನ್ನೋ ಇಲ್ಲಿ ನಡೆಸಿಕೊಂಡು ಹೋಗಬೇಕೆಂದಿದ್ದರೆ ಈ ಬರಹ ನಿಮಗಾಗಿ. ಅದಕ್ಕೆ ಇತಿಹಾಸದ ಪದವಿ ಬೇಕಿಲ್ಲ. ಮೂರು ಶಿಸ್ತು ಸಾಕು: ಕಡಿಮೆ ತಾಣ ಆರಿಸುವುದು, ನೆರಳು ನೋಡಿ ನಿಲ್ಲುವುದು, ಹೇಳುವ ಮಾತು ಎಲ್ಲಿಂದ ಬಂತೆಂದು ಪ್ರತಿ ಸಲವೂ ಹೇಳುವುದು.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್. ನೀಲಿ ಪೆನ್ನು, ಕೆಂಪು ಪೆನ್ನು, ಒಂದು ಪೆನ್ಸಿಲ್. ಅಂಗೈ ಅಗಲದ ಕನ್ನಡಿ. ತಲೆಗೊಂದು ಲೀಟರ್ ನೀರು, ಟೋಪಿ ಅಥವಾ ಟವೆಲ್. ಓಆರ್‌ಎಸ್ ಪೊಟ್ಟಣ, ಗಾಯದ ಪಟ್ಟಿ. ಸವೆದ ಕಲ್ಲಿನ ಮೇಲೆ ಜಾರದ ಚಪ್ಪಲಿ ಅಥವಾ ಬೂಟು. ಗುಡಿಯೊಳಗೆ ಹೋಗುವಾಗ ಕಳಚಲು ಸುಲಭವಾಗಿದ್ದರೆ ಒಳ್ಳೆಯದು. ಮೈಕು, ಧ್ವನಿವರ್ಧಕ ಬೇಡ. ಜನ ವಾಸಿಸುವ ಓಣಿಯಲ್ಲಿ ಅದು ಊರಿಗೆ ಕಿರಿಕಿರಿ, ನಿಮಗೂ ಅಡ್ಡಿ.

ಹಂತ 1: ಆರು ತಾಣ, ಎರಡು ಕಿಲೋಮೀಟರ್

ಮೊದಲ ಸಲ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದ್ದೇನೆ. ಏಪ್ರಿಲ್ ತಿಂಗಳಲ್ಲಿ ಹೈಸ್ಕೂಲು ಮಕ್ಕಳ ಜೊತೆ ಹದಿನಾಲ್ಕು ತಾಣಗಳ ಪಟ್ಟಿ ಹಿಡಿದು ಹೊರಟೆ. ಹತ್ತು ಗಂಟೆಗೆ ಏಳನೆಯ ತಾಣದಲ್ಲಿದ್ದೆವು. ಆ ಹೊತ್ತಿಗೆ ಮಕ್ಕಳ ಕಣ್ಣು ಕಂಬದ ಮೇಲಿರಲಿಲ್ಲ, ನೀರಿನ ಬಾಟಲಿಯ ಮೇಲಿತ್ತು. ಒಬ್ಬ ಹುಡುಗಿಗೆ ತಲೆಸುತ್ತು ಬಂದು ಕೂಡಿಸಬೇಕಾಯಿತು. ಆ ದಿನದಿಂದ ಆರಕ್ಕಿಂತ ಹೆಚ್ಚು ತಾಣ ಇಟ್ಟುಕೊಂಡಿಲ್ಲ.

ಮೊದಲ ನಡಿಗೆಗೆ ಈ ಆರು ಸಾಕು: ಊರಿನ ಅಗಸಿ (ಕೋಟೆಯ ಬಾಗಿಲು), ರಂಗನಾಥನ ಗುಡಿ ಮತ್ತು ಗಗನ ಮಹಲ್ ಇರುವ ಬಯಲು, ಒಂದು ಹಳೆಯ ಓಣಿ, ಒಂದು ಮರದ ಕಟ್ಟೆ, ಹುಚ್ಚಪ್ಪಯ್ಯನ ಮಠ, ಕೊನೆಗೆ ಹೊಳೆಯ ದಂಡೆ. ಅಂಜನಾದ್ರಿ, ಪಂಪಾ ಸರೋವರ, ದುರ್ಗಾ ಗುಡಿಯ ಬೆಟ್ಟ, ಒನಕೆ ಕಿಂಡಿಯ ಬಂಡೆಚಿತ್ರಗಳನ್ನು ಇನ್ನೊಂದು ದಿನಕ್ಕಿರಿಸಿ. ಅಂಜನಾದ್ರಿಯೊಂದಕ್ಕೇ 575 ಮೆಟ್ಟಿಲು. ಅದನ್ನು ಇದರ ಜೊತೆ ಕಟ್ಟಿದರೆ ಎರಡೂ ಕೆಡುತ್ತವೆ.

ಹಂತ 2: ಮೂರು ಹೊತ್ತಿನಲ್ಲಿ ಒಬ್ಬರೇ ನಡೆಯಿರಿ

ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಇಳಿಹೊತ್ತಿನಲ್ಲಿ ಒಂದು ಸಲ. ಹಾದಿಯ ಗೆರೆ ಎಳೆದು, ಯಾವ ಹೊತ್ತಿಗೆ ಯಾವ ಮರದ ನೆರಳು ಯಾವ ಕಡೆ ಬೀಳುತ್ತದೆಂದು ಗುರುತು ಹಾಕಿ. ನೀವು ಮಾತಾಡುವ ಜಾಗವನ್ನು ಆ ನೆರಳೇ ಗೊತ್ತು ಮಾಡಲಿ. ಕಟ್ಟಡದ ಎದುರಿಗೇ ನಿಂತು ಮಾತಾಡಬೇಕೆಂದೇನಿಲ್ಲ. ಇಪ್ಪತ್ತು ಹೆಜ್ಜೆ ದೂರದ ಬೇವಿನ ಕೆಳಗೆ ನಿಂತು ಹೇಳಿ, ಆಮೇಲೆ ಹತ್ತಿರ ಹೋಗಿ ಸುಮ್ಮನೆ ನೋಡಿ. ಬಿಸಿಲಲ್ಲಿ ನಿಂತವರ ಕಿವಿ ಐದು ನಿಮಿಷಕ್ಕೆ ಮುಚ್ಚುತ್ತದೆ, ನೆರಳಲ್ಲಿ ಕೂತವರು ಅರ್ಧ ತಾಸು ಕೇಳುತ್ತಾರೆ.

ಮರಗಳ ಹೆಸರನ್ನೂ ಬರೆದುಕೊಳ್ಳಿ. ನಡಿಗೆಗೆ ಬಂದವರು ಮೊದಲು ಕೇಳುವುದು ಹೆಚ್ಚಾಗಿ ಮರದ ಬಗ್ಗೆಯೇ. ವಯಸ್ಸು ಕೇಳಿದರೆ ಸಾವಿರ ವರ್ಷ ಎಂದು ಹೇಳಿಬಿಡಬೇಡಿ. ಹಳೆಯ ಹುಣಸೆಯ ಒಳಗು ಪೊಳ್ಳಾಗಿರುವುದು ಸಾಮಾನ್ಯ, ಕಾಂಡದ ಗಾತ್ರ ನೋಡಿ ವಯಸ್ಸು ಹೇಳಲಾಗದು. “ನಮ್ಮ ಅಜ್ಜನ ಕಾಲಕ್ಕೂ ಹಿಂಗ ಇತ್ತು” ಎಂದು ಊರಿನವರು ಹೇಳಿದರೆ ಅದನ್ನೇ ಹೇಳಿ. ಅದಕ್ಕೆ ತನ್ನದೇ ತೂಕವಿದೆ.

ಹಂತ 3: ಮೂರು ಬಣ್ಣದಲ್ಲಿ ಟಿಪ್ಪಣಿ

ಇದು ಈ ಕೈಪಿಡಿಯ ಜೀವಾಳ. ಓದಿದ್ದು, ಕೇಳಿದ್ದು, ತೋಚಿದ್ದು ಎಲ್ಲವನ್ನೂ ಒಂದೇ ಶಾಯಿಯಲ್ಲಿ ಬರೆಯಬೇಡಿ.

*ನೀಲಿ: ದಾಖಲೆಯ ಮಾತು.* ಶಾಸನ, ಸಮಕಾಲೀನ ಬರಹ, ಸಂಶೋಧಕರು ಒಪ್ಪಿದ ಸಂಗತಿ. ಉದಾಹರಣೆಗೆ: ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪನಿಗೆ ಈ ಸೀಮೆಯ ಕಂಪಿಲರಾಯ ಆಸರೆ ಕೊಟ್ಟ, ದೆಹಲಿಯ ಸೈನ್ಯ ಬಂತು, 1327ರಲ್ಲಿ ಕಂಪಿಲಿ ರಾಜ್ಯ ಬಿತ್ತು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, 1336ರಲ್ಲಿ, ಹರಿಹರ ಮತ್ತು ಬುಕ್ಕರು ಹೊಸ ರಾಜ್ಯ ಕಟ್ಟಿದರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೊಳೆಯಾಚೆಯ ಈ ಊರು ಹಿಂದೆ ರಾಜಧಾನಿಯಾಗಿತ್ತಂತೆ, ಈಗ ಇಲ್ಲಿ ಜನ ಕಡಿಮೆ ಎಂಬರ್ಥದಲ್ಲಿ ಬರೆದಿಟ್ಟ.

*ಕೆಂಪು: ಊರಿನ ಮಾತು.* ಇದೇ ಕಿಷ್ಕಿಂಧೆ, ವಾಲಿ ಸುಗ್ರೀವರು ಆಳಿದ್ದು ಇಲ್ಲೇ, ಹನುಮ ಹುಟ್ಟಿದ್ದು ಅಂಜನಾದ್ರಿಯಲ್ಲಿ ಎನ್ನುವ ನಂಬಿಕೆ ಈ ಬಣ್ಣದ್ದು. ಕಂಪಿಲರಾಯನ ಮಗ ಕುಮಾರರಾಮನ ಸಾಹಸದ ಕಥೆಗಳಲ್ಲಿ ಹೆಚ್ಚಿನವೂ ಈ ಬಣ್ಣದವೇ. ಕೆಂಪು ಎಂದರೆ ಸುಳ್ಳು ಎಂದಲ್ಲ. ಜನ ನೂರಾರು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದು. ಅದನ್ನು ಗೌರವದಿಂದ, “ಇಲ್ಲಿಯವರು ಹೀಗೆ ನಂಬುತ್ತಾರೆ” ಎಂಬ ಮಾತಿನೊಂದಿಗೆ ಹೇಳಬೇಕು.

*ಪೆನ್ಸಿಲ್: ಊಹೆ.* ಅಳಿಸಲು ಬರುವಂಥದ್ದು. ಊರಿನ ಹೆಸರನ್ನೇ ತೆಗೆದುಕೊಳ್ಳಿ. “ಆನೆಗೊಂದಿ” ಎಂದರೆ ಸಂದಿಗೊಂದಿಯ ಗೊಂದಿ, ಆನೆ ಹಾಯುವ ಕಿರುದಾರಿ ಎನ್ನಬಹುದು. “ಆನೆಗುಂದಿ” ಎಂದು ಬರೆಯುವವರು ಆನೆ ಹಿಡಿಯುವ ಗುಂಡಿಯ ಕಥೆ ಹೇಳುತ್ತಾರೆ. ಎರಡನ್ನೂ ಮುಂದಿಡಿ, ತೀರ್ಪು ಬೇಡ.

ಈ ಬಣ್ಣಗಳನ್ನು ಬಂದವರಿಗೂ ಮೊದಲೇ ತಿಳಿಸಿಬಿಡಿ. ನಡುನಡುವೆ ಅವರೇ “ಇದು ಯಾವ ಶಾಯಿ?” ಎಂದು ಕೇಳತೊಡಗಿದರೆ ನಡಿಗೆ ಹಾದಿಗೆ ಬಂತೆಂದು ತಿಳಿಯಿರಿ.

ಹಂತ 4: ಊರಿನವರಿಗೆ ಮೊದಲು ಹೇಳಿ

ಆನೆಗೊಂದಿ ವಸ್ತುಸಂಗ್ರಹಾಲಯವಲ್ಲ, ಜನ ಉಂಡು ಮಲಗುವ ಊರು. ವಿಜಯನಗರದ ಅರವೀಡು ಮನೆತನದ ವಂಶಸ್ಥರು ಇಂದಿಗೂ ಈ ಊರಿನವರು. ಗುಡಿಯ ಅರ್ಚಕರಿಗೆ, ಗ್ರಾಮ ಪಂಚಾಯಿತಿಗೆ, ನೀವು ನಿಲ್ಲುವ ಓಣಿಯ ಒಂದೆರಡು ಮನೆಯವರಿಗೆ ವಾರದ ಮುಂಚೆಯೇ ತಿಳಿಸಿ. ಈ ಭಾಗ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ. ದೊಡ್ಡ ಗುಂಪು ಬಂದರೆ, ಡ್ರೋನ್ ಹಾರಿಸುವುದಿದ್ದರೆ, ಸ್ಮಾರಕದೊಳಗೆ ಕಾರ್ಯಕ್ರಮ ಮಾಡುವುದಿದ್ದರೆ ಮೊದಲೇ ವಿಚಾರಿಸಿ ಅನುಮತಿ ಪಡೆಯಿರಿ.

ಊರಿನಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಕೈಕೆಲಸವನ್ನು ಇಲ್ಲಿನ ಹೆಣ್ಣುಮಕ್ಕಳ ದುಡಿಮೆಯಾಗಿ ಬೆಳೆಸಿದೆ. ಗೊನೆ ಕಡಿದ ಮೇಲೆ ಹೊಲದ ಬದುವಿಗೆ ಬೀಳುವ ದಿಂಡಿನಿಂದ ಬುಟ್ಟಿ, ಚೀಲ, ಚಾಪೆ ಆಗುವುದನ್ನು ತೋರಿಸಲು ಸಾಧ್ಯವಾದರೆ ನಿಮ್ಮ ನಡಿಗೆ ಕಲ್ಲಿನ ಕಾಲದಿಂದ ಇವತ್ತಿನವರೆಗೆ ಬಂದು ನಿಲ್ಲುತ್ತದೆ.

ಹಂತ 5: ದಿನ, ಹೊತ್ತು, ಜನ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಇರುವುದರಿಂದ ಶಾಲೆಗಳಿಗೆ ಅದು ಅನುಕೂಲ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಹೆಸರಿಗೆ ಚಂದ, ನಮ್ಮ ಬಿಸಿಲಿಗೆ ಒಗ್ಗದು.

ಹದಿನೈದರಿಂದ ಇಪ್ಪತ್ತು ಜನ ಸಾಕು. ಮುಂದೆ ನೀವು, ಹಿಂದೆ ಒಬ್ಬ ಹಿಂಗಾವಲು. ಹಿಂಗಾವಲಿನವರ ಕೆಲಸ ಯಾರೂ ಉಳಿಯದಂತೆ ನೋಡುವುದು, ನೀರಿನ ನೆನಪು ಮಾಡುವುದು. ಗಂಗಾವತಿಯಿಂದ ಊರು ಹತ್ತು ಹನ್ನೆರಡು ಕಿಲೋಮೀಟರ್. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬರುವವರು ನಸುಕಿನಲ್ಲೇ ಹೊರಡಬೇಕು. ಹೊತ್ತಿನ ಲೆಕ್ಕ ಹೀಗಿರಲಿ:

6:30 – ಅಗಸಿಯ ಹತ್ತಿರ ಕೂಡುವುದು, ಪರಿಚಯ
6:45 – ಅಗಸಿ
7:05 – ಗಗನ ಮಹಲ್, ರಂಗನಾಥನ ಗುಡಿ
7:35 – ಓಣಿ, ಮಾಳಿಗೆ ಮನೆ
7:55 – ಮರದ ಕಟ್ಟೆ, ಹತ್ತು ನಿಮಿಷ ವಿಶ್ರಾಂತಿ
8:15 – ಹುಚ್ಚಪ್ಪಯ್ಯನ ಮಠ
8:40 – ಹೊಳೆಯ ದಂಡೆ
9:10 – ಮುಕ್ತಾಯ, ತಿಂಡಿ

ಹಂತ 6: ಮೊದಲ ಹತ್ತು ನಿಮಿಷ

ರಾಜರ ಹೆಸರು, ಇಸವಿಗಳಿಂದ ಶುರು ಮಾಡಬೇಡಿ. ಬಂದವರನ್ನು ಒಂದು ಮಾತು ಕೇಳಿ: “ನಿಮ್ಮೂರಲ್ಲಿ ಅತ್ಯಂತ ಹಳೇದು ಯಾವುದು?” ಒಬ್ಬರು ಬಾವಿ ಎನ್ನುತ್ತಾರೆ, ಒಬ್ಬರು ಹುಡೇವು (ಕಾವಲು ಬುರುಜು) ಎನ್ನುತ್ತಾರೆ, ಒಬ್ಬರು ತಮ್ಮ ಅಜ್ಜಿ ಎನ್ನುತ್ತಾರೆ. ಕೇಳುವ ಮೊದಲೇ ಎಲ್ಲರೂ ಹೇಳುವವರಾದರು. ಆಮೇಲೆ ಮೂರು ಬಣ್ಣದ ನಿಯಮ ತಿಳಿಸಿ, ಜೊತೆಗೆ ಮೂರು ಕಟ್ಟಳೆ: ಚಿತ್ರವನ್ನು ಮುಟ್ಟುವಂತಿಲ್ಲ, ಕಲ್ಲಿನ ಮೇಲೆ ಹತ್ತುವಂತಿಲ್ಲ, ಕೇಳದೆ ಯಾರ ಮನೆಯ ಫೋಟೋವನ್ನೂ ತೆಗೆಯುವಂತಿಲ್ಲ.

ಹಂತ 7: ತಾಣದಿಂದ ತಾಣಕ್ಕೆ

ಪ್ರತಿ ತಾಣದಲ್ಲೂ ಇದೇ ಕ್ರಮ: ಮೊದಲು ಒಂದು ನಿಮಿಷ ಎಲ್ಲರೂ ಸುಮ್ಮನೆ ನೋಡಲಿ. ಆಮೇಲೆ ಕಂಡದ್ದನ್ನು ಅವರೇ ಹೇಳಲಿ. ಕೊನೆಗೆ ನಿಮ್ಮ ಮಾತು, ಐದು ನಿಮಿಷ ಮೀರದಂತೆ.

*ಅಗಸಿ.* ಬಾಗಿಲಿನ ಅಕ್ಕಪಕ್ಕದ ಗೋಡೆಯನ್ನು ತೋರಿಸಿ. ಕೋಟೆ ಕಟ್ಟಿದವರು ಬಂಡೆಗುಡ್ಡ ಇದ್ದಲ್ಲಿ ಅದನ್ನೇ ಗೋಡೆ ಮಾಡಿಕೊಂಡು, ನಡುವಿನ ಸಂದು ಮಾತ್ರ ಕಲ್ಲಿಟ್ಟು ತುಂಬಿದರು. ಹೊಳೆ ಒಂದು ಕಡೆಯ ಕಾವಲು, ಗುಡ್ಡ ಇನ್ನೊಂದು ಕಡೆಯ ಕಾವಲು. ಸೈನ್ಯಕ್ಕೆ ಹೆದರಿದ ಅರಸರು ಇಲ್ಲಿಗೇ ಏಕೆ ಬಂದು ನೆಲೆಸಿದರು ಎಂಬ ಪ್ರಶ್ನೆ ಹಾಕಿ ಸುತ್ತ ನೋಡಲು ಹೇಳಿ. ಉತ್ತರ ಕಣ್ಣಿಗೇ ಕಾಣುತ್ತದೆ.

*ಗಗನ ಮಹಲ್ ಮತ್ತು ರಂಗನಾಥನ ಗುಡಿ.* ಎದುರುಬದುರಿನ ಈ ಎರಡು ಕಟ್ಟಡಗಳನ್ನು ಹೋಲಿಸಿ ನೋಡುವುದೇ ಒಂದು ಪಾಠ. ಗುಡಿಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಗಗನ ಮಹಲಿನಲ್ಲಿ ಕಮಾನು, ಗಾರೆಯ ಅಲಂಕಾರ, ಮುಂಚಾಚಿದ ಕಿಟಕಿ. ವಿಜಯನಗರದ ಅರಸರು ದೇವರ ಮನೆಯನ್ನು ಒಂದು ಬಗೆಯಲ್ಲಿ, ತಾವು ಕೂಡುವ ಮನೆಯನ್ನು ಸುಲ್ತಾನರ ಕಟ್ಟಡಗಳಿಂದ ಕಲಿತ ಇನ್ನೊಂದು ಬಗೆಯಲ್ಲಿ ಕಟ್ಟಿಸಿದರು. ಹಂಪಿಯ ಕಮಲ ಮಹಲ್ ನೋಡಿದವರಿಗೆ ಈ ನಂಟು ಥಟ್ಟನೆ ಹೊಳೆಯುತ್ತದೆ. ಯುದ್ಧ ಮಾಡಿದವರ ಕಡೆಯಿಂದಲೂ ಕಟ್ಟುವ ವಿದ್ಯೆ ಕಲಿಯಬಹುದೆಂಬುದನ್ನು ಇಲ್ಲಿಯೇ ಹೇಳಬೇಕು.

*ಓಣಿ, ಮಾಳಿಗೆ ಮನೆ.* ಒಪ್ಪಿಗೆ ಕೊಟ್ಟ ಒಂದು ಮನೆಯ ಪಡಸಾಲೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ಅದರ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮಣ್ಣಿನ ಹೊದಿಕೆ. ನಡುವೆ ಗವಾಕ್ಷಿ, ಅಲ್ಲಿಂದ ಬೆಳಕಿನ ಒಂದು ಕೋಲು ನೆಲಕ್ಕಿಳಿದಿರುತ್ತದೆ. ಹೊರಗಿನ ಬಿಸಿಲಿಗೂ ಒಳಗಿನ ತಂಪಿಗೂ ಇರುವ ಅಂತರವನ್ನು ಮೈಯೇ ಹೇಳುತ್ತದೆ. ಮಣ್ಣಿನ ದಪ್ಪ ಹೊದಿಕೆ ಹಗಲಿನ ಕಾವನ್ನು ತಡೆದು ನಿಧಾನಕ್ಕೆ ಒಳಬಿಡುತ್ತದೆ. ಆ ಮನೆಯ ಹಿರಿಯರನ್ನೇ ಮಾತಾಡಿಸಿ. ಮಳೆಗಾಲದ ಮುಂಚೆ ಮಾಳಿಗೆಗೆ ಮಣ್ಣು ಹಾಕುವುದು ಹೇಗೆಂದು ನಿಮಗಿಂತ ಅವರು ಚೆನ್ನಾಗಿ ಬಲ್ಲರು.

*ಮರದ ಕಟ್ಟೆ.* ಅರಳಿ, ಬೇವು ಜೊತೆಯಾಗಿ ಬೆಳೆದ ಕಟ್ಟೆ, ಬುಡದಲ್ಲಿ ನಾಗರಕಲ್ಲು ನಮ್ಮ ಊರುಗಳ ಹಳೆಯ ಗುರುತು. ಇದು ಊರಿನ ನ್ಯಾಯಸ್ಥಾನ, ಪಾಠಶಾಲೆ, ಸುದ್ದಿಮನೆ ಎಲ್ಲವೂ ಆಗಿತ್ತು. ಎಲ್ಲರೂ ಕಟ್ಟೆಯ ಮೇಲೆ ಕೂತು ನೀರು ಕುಡಿಯಲಿ.

ವೀರಗಲ್ಲು ಓದುವುದನ್ನು ಕಲಿಸಲು ಇದೇ ಹೊತ್ತು. ಈ ಸೀಮೆಯ ಊರೂರಲ್ಲೂ ಅವು ಸಿಗುತ್ತವೆ, ಗಿಡದ ಬುಡದಲ್ಲಿ ಅರ್ಧ ಹೂತಿರುತ್ತವೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕೆಲವೊಮ್ಮೆ ಓಡಿಸಿಕೊಂಡು ಹೋಗುತ್ತಿರುವ ದನಗಳು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೆ ಈ ಹೆಸರು ಇರಲಿ ಎಂದು. ಊರಿನ ದನ ಕಾಯಲು ಹೋಗಿ ಸತ್ತ ಸಾಮಾನ್ಯನ ಬಾಳು ಮೂರು ಪಟ್ಟಿಕೆಯಲ್ಲಿ ಅಡಗಿದೆ. ಒಂದು ಸಲ ಓದಲು ಬಂದವರು ಮುಂದೆ ಯಾವ ವೀರಗಲ್ಲನ್ನೂ ಸುಮ್ಮನೆ ದಾಟಲಾರರು.

*ಹುಚ್ಚಪ್ಪಯ್ಯನ ಮಠ.* ಇಲ್ಲಿ ಅವಸರ ಬೇಡ. ಒಳಗಿನ ಕರಿಕಲ್ಲಿನ ಕಂಬಗಳು ಊರಿನ ಉಳಿದ ಕಂಬಗಳಂತಲ್ಲ. ಉಳಿದವು ನಮ್ಮ ಸುತ್ತಲಿನ ಗುಡ್ಡದ ಒರಟು ಬೆಣಚುಕಲ್ಲು. ಇವು ನುಣ್ಣನೆಯ ಕಪ್ಪು. ಒಂದು ಕಂಬದ ಪಕ್ಕ ಕುಕ್ಕರುಗಾಲಲ್ಲಿ ಕೂತು ಬುಡದಿಂದ ಮೇಲಕ್ಕೆ ನಿಧಾನವಾಗಿ ಕಣ್ಣಾಡಿಸಿ. ಚೌಕ ಬುಡ, ಅದರ ಮೇಲೆ ಗಂಟೆಯಾಕಾರದ ಉಬ್ಬು, ಆಮೇಲೆ ಒಂದರ ಮೇಲೊಂದು ಬಳೆ ತೊಡಿಸಿದಂತೆ ಉಂಗುರಗಳು. ಗೆರೆ ಎಲ್ಲೂ ನಡುಗಿಲ್ಲ, ಒಂದೇ ಆಳ, ಒಂದೇ ಅಂತರ. ಕೈಯಲ್ಲಿ ಉಳಿ ಹಿಡಿದು ಕೊರೆದರೆ ಗೆರೆ ಹೀಗೆ ಬರುವುದಿಲ್ಲ. ಕಲ್ಲನ್ನು ತಿರುಗಣೆಗೆ ಏರಿಸಿ ತಿರುಗಿಸುತ್ತ, ಉಳಿಯನ್ನು ಒತ್ತಿ ಹಿಡಿದು ಕಡೆದ ಕೆಲಸವಿದು. ಕುಂಬಾರನ ಚಕ್ರ, ಬಡಗಿಯ ಕಡೆತ ನೋಡಿದ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳ ಕೈಗುರುತು ಇದು. ವಿಜಯನಗರಕ್ಕಿಂತ ಇನ್ನೂರು ಮುನ್ನೂರು ವರ್ಷ ಹಿಂದಿನ ಬಗೆ. ಹಾಗಾದರೆ ಈ ಊರು ಅದಕ್ಕೂ ಮೊದಲೇ ಕಟ್ಟುವವರ ಊರಾಗಿತ್ತೇ, ಕಂಬಗಳು ಬೇರೆಡೆಯಿಂದ ಬಂದವೇ? ಪೆನ್ಸಿಲ್ ತೆಗೆಯಲು ಹೇಳಿ.

ಚಾವಣಿಯಲ್ಲಿ ಮಾಸಿದ ಬಣ್ಣದ ಚಿತ್ರಗಳು ಉಳಿದಿವೆ. ಅವುಗಳ ಮೇಲೆ ಫ್ಲ್ಯಾಶ್ ಬೇಡ, ಕನ್ನಡಿಯ ಬೆಳಕೂ ಬೇಡ. ಕತ್ತಲಿಗೆ ಕಣ್ಣು ಹೊಂದಲು ಎರಡು ನಿಮಿಷ ಕೊಟ್ಟರೆ ಆಕಾರಗಳು ತಾವಾಗಿ ಮೂಡುತ್ತವೆ. ಕನ್ನಡಿಯ ಉಪಯೋಗ ಬೇರೆ: ಕಲ್ಲಿನ ಶಾಸನ ಸಿಕ್ಕಿದಲ್ಲಿ ಬಿಸಿಲನ್ನು ಪಕ್ಕದಿಂದ ಓರೆಯಾಗಿ ಹಾಯಿಸಿ. ಅಕ್ಷರದ ತಗ್ಗಿನಲ್ಲಿ ನೆರಳು ತುಂಬಿ ಸವೆದ ಸಾಲು ಎದ್ದು ಕಾಣುತ್ತದೆ. ಸುಣ್ಣ, ಹಿಟ್ಟು, ಎಣ್ಣೆ ಸವರುವುದು ಕಲ್ಲಿಗೆ ಹಾನಿ, ಎಂದಿಗೂ ಮಾಡಕೂಡದು.

*ಹೊಳೆಯ ದಂಡೆ.* ಕೊನೆಯ ತಾಣ ನೀರು. ಹರಿಗೋಲು ಕಂಡರೆ ಅದರ ಹೆಣಿಗೆ ತೋರಿಸಿ. ಪಾಯೆಸ್ ಐನೂರು ವರ್ಷದ ಹಿಂದೆ ಇಲ್ಲಿ ಕಂಡದ್ದೂ ಬುಟ್ಟಿಯಂತೆ ದುಂಡಗಿನ ದೋಣಿಯನ್ನೇ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುವಷ್ಟು. ತೊಗಲು ಹೋಗಿ ಬೇರೆ ಹೊದಿಕೆ ಬಂದಿದೆ, ಆಕಾರ ಅದೇ.

ಅರವತ್ನಾಲ್ಕು ಕಂಬದ ಮಂಟಪ ಈ ಹೊಳೆಯದೇ. ಅದು ಕೃಷ್ಣದೇವರಾಯನ ಸಮಾಧಿ ಎಂಬುದು ಕೆಂಪು ಶಾಯಿಯ ಮಾತು, ಹೊಳೆ ತುಂಬಿದಾಗ ಅದು ಮುಳುಗುತ್ತದೆ ಎಂಬುದು ಕಣ್ಣಾರೆ ಕಾಣುವ ಮಾತು. ನಡುಗಡ್ಡೆಯ ನವಬೃಂದಾವನದಲ್ಲಿ ಪದ್ಮನಾಭತೀರ್ಥರಿಂದ ಹಿಡಿದು ಸುಧೀಂದ್ರತೀರ್ಥರವರೆಗೆ ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಬೃಂದಾವನಗಳಿವೆ. ಅವರಲ್ಲೊಬ್ಬರು ವ್ಯಾಸರಾಜರು. 2019ರ ಜುಲೈಯಲ್ಲಿ ನಿಧಿಯಾಸೆಯಿಂದ ಕಳ್ಳರು ಅವರ ಬೃಂದಾವನವನ್ನು ಒಡೆದು ಕೆಡವಿದರು. ಸುದ್ದಿ ಕೇಳಿ ಓಡಿಬಂದ ಭಕ್ತರು ಕೂಡಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ನಡಿಗೆಯಲ್ಲಿ ರಂಜನೆಗೆಂದು “ಇಲ್ಲಿ ಕೊಪ್ಪರಿಗೆ ಹೊನ್ನು ಹೂತಿದೆಯಂತೆ” ಎನ್ನುವ ಪ್ರತಿಯೊಬ್ಬ ಮುಂದಾಳುವೂ ಯಾರದೋ ಕೈಗೆ ಹಾರೆ ಕೊಡುತ್ತಿದ್ದಾನೆ. ನಿಧಿಯ ಕಥೆ ಯಾವ ಶಾಯಿಯಲ್ಲೂ ಬೇಡ.

ಸೇತುವೆಯ ಕಥೆಯನ್ನೂ ಇಲ್ಲೇ ಹೇಳಿ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಹಂಪಿ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ ಅದಕ್ಕೆ ಮುಖ್ಯ ಕಾರಣ. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಆ ಸೇತುವೆ ಕಾಮಗಾರಿಯ ನಡುವೆಯೇ ಕುಸಿದು ಕೆಲಸಗಾರರು ಜೀವ ಕಳೆದುಕೊಂಡರು. ಊರಿಗೆ ಆಸ್ಪತ್ರೆಯ ದಾರಿ ಬೇಕಿತ್ತು, ಪರಂಪರೆಗೆ ಕಾವಲು ಬೇಕಿತ್ತು. ಯಾರ ಪಾಲಿಗೆ ಯಾವುದು ಮೊದಲು ಎಂದು ಬಂದವರು ಮಾತಾಡಲಿ. ದೊಡ್ಡವರೂ ಮಕ್ಕಳೂ ಸರಿಸಮವಾಗಿ ವಾದಿಸುವ ತಾಣ ಇದು.

ಹಂತ 8: ನೀರು, ಗುಡ್ಡ, ಬಿಸಿಲು

ಮುನಿರಾಬಾದಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಹೊಳೆಸಾಲಿನ ಊರುಗಳು ನಿದ್ದೆಗೆಟ್ಟಿದ್ದವು. ಮಳೆಗಾಲದಲ್ಲಿ ನೀರಿಗಿಳಿಯುವುದು, ಹರಿಗೋಲು ಹತ್ತುವುದು ಬೇಡ. ಉಳಿದ ಕಾಲದಲ್ಲಿಯೂ ಜೀವರಕ್ಷಕ ಜಾಕೆಟ್ ಇಲ್ಲದೆ ಮಕ್ಕಳನ್ನು ಕೂಡಿಸಬೇಡಿ. ಬಂಡೆಗಳ ನಡುವಿನ ಸುಳಿ ಮೇಲಿಂದ ಕಾಣದು.

ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ನಸುಕಿನ ಕತ್ತಲಲ್ಲಿ, ಸಂಜೆಯ ಮೇಲೆ ಪೊದೆಯ ದಾರಿ ಹಿಡಿಯಬೇಡಿ. ಮಂಗಗಳಿರುವಲ್ಲಿ ತಿಂಡಿಯ ಚೀಲ ಬಿಚ್ಚಬೇಡಿ. ಯಾರಿಗಾದರೂ ಬೆವರು ನಿಂತು ತಲೆನೋವು ಶುರುವಾದರೆ ನಡಿಗೆ ಅಲ್ಲಿಗೇ ನಿಲ್ಲಲಿ: ನೆರಳು, ನೀರು, ಒದ್ದೆ ಬಟ್ಟೆ, ಆಮೇಲೆ ವೈದ್ಯರು.

ಹಂತ 9: ಮುಗಿಸುವ ಬಗೆ

ಎಲ್ಲರೂ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲಿ. ಊರಿನ ಅಂಗಡಿಯಿಂದಲೇ ತರಿಸಿ; ನಡಿಗೆಯಿಂದ ಊರಿಗೂ ನಾಲ್ಕು ಕಾಸು ಸಿಗಬೇಕು. ತಿನ್ನುವ ಮೊದಲು ಒಂದೊಂದು ಚೀಟಿ ಕೊಟ್ಟು ಎರಡು ಸಾಲು ಬರೆಸಿ: ಇವತ್ತು ಕಂಡ ಒಂದು ವಸ್ತು, ಮನೆಗೆ ಒಯ್ಯುವ ಒಂದು ಪ್ರಶ್ನೆ. ನೀವು ಎಷ್ಟು ಹೇಳಿದಿರಿ ಎಂಬುದಕ್ಕಿಂತ ಅವರು ಏನು ಕಂಡರು ಎಂಬುದು ಆ ಚೀಟಿಗಳಲ್ಲಿರುತ್ತದೆ. ಮುಂದಿನ ನಡಿಗೆಯ ಟಿಪ್ಪಣಿಯನ್ನು ಅವುಗಳಿಂದಲೇ ತಿದ್ದಿ.

ಹಂತ 10: ಇದೇ ಬಗೆ, ನಿಮ್ಮೂರಲ್ಲಿ

ಕೆನಡಾದ ಟೊರಾಂಟೊದಲ್ಲಿ ನಗರಚಿಂತಕಿ ಜೇನ್ ಜೇಕಬ್ಸ್ ನೆನಪಿಗೆ 2007ರಲ್ಲಿ ಶುರುವಾದ ‘ಜೇನ್ಸ್ ವಾಕ್’ ಇಂದು ಹಲವು ದೇಶಗಳಲ್ಲಿ ನಡೆಯುತ್ತದೆ. ಅಲ್ಲಿ ಮುಂದೆ ನಡೆಯುವವರು ಆಯಾ ಬೀದಿಯ ನಿವಾಸಿಗಳೇ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ, ನಮ್ಮ ಈ ನಾಲ್ಕು ಸೀಮೆಗೂ ಅದು ಹೊಂದುತ್ತದೆ.

ಕೊಪ್ಪಳದವರಿಗೆ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡು ಇವೆ. ಎರಡೂ ಕಡೆ ಅಶೋಕನ ಶಾಸನಗಳು ಬ್ರಾಹ್ಮಿ ಲಿಪಿಯಲ್ಲಿವೆ, ಲೋಕದ ಗಮನಕ್ಕೆ ಬಂದದ್ದು 1931ರಲ್ಲಿ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸುವ ಕೊಪಣ ಇದೇ ಊರು. ಯಲಬುರ್ಗಾ ಕಡೆಯವರಿಗೆ ಕುಕನೂರಿನ ನವಲಿಂಗ ಗುಡಿ, ಇಟಗಿಯ ಮಹಾದೇವ ದೇವಾಲಯ. ಇಟಗಿಯ ಗುಡಿಯನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ‘ದೇವಾಲಯ ಚಕ್ರವರ್ತಿ’ ಎಂದು ಶಾಸನವೇ ಕರೆದಿದೆ. ಹುಚ್ಚಪ್ಪಯ್ಯನ ಮಠದಲ್ಲಿ ಕಂಡ ಕಂಬದ ಅಕ್ಕತಂಗಿಯರನ್ನು ಅಲ್ಲಿ ಸಾಲುಸಾಲಾಗಿ ನೋಡಬಹುದು. ಕುಷ್ಟಗಿ ತಾಲೂಕಿನವರಿಗೆ ಪುರದ ಸೋಮೇಶ್ವರ ಗುಡಿ, ಅದರ ಲೆಕ್ಕವಿಲ್ಲದಷ್ಟು ಲಿಂಗಗಳು. ಗಂಗಾವತಿಯವರು ಗಟ್ಟಿ ಕಾಲಿನವರಾದರೆ ಹಿರೇಬೆಣಕಲ್ಲಿನ ಗುಡ್ಡ ಹತ್ತಲಿ. ಅಲ್ಲಿ ಕಲ್ಲುಚಪ್ಪಡಿಗಳ ನೂರಾರು ಶಿಲಾಗೋರಿಗಳಿವೆ, ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. 2021ರಲ್ಲಿ ಅದು ಯುನೆಸ್ಕೊ ತಾತ್ಕಾಲಿಕ ಪಟ್ಟಿ ಸೇರಿತು.

ಕೊನೆಯ ಹಂತ: ಮುಂದಿನ ಸಲ ಹಿಂದೆ ನಡೆಯಿರಿ

ಎರಡು ಸಲ ನೀವು ಮುಂದೆ ನಡೆದ ಮೇಲೆ ಮೂರನೆಯದನ್ನು ಬಂದವರಲ್ಲೊಬ್ಬರಿಗೆ ಬಿಟ್ಟುಕೊಡಿ. ನೀವು ಹಿಂಗಾವಲಾಗಿ. ನಾನು ಹಾಗೆ ಬಿಟ್ಟುಕೊಟ್ಟ ದಿನ ಮುಂದೆ ನಡೆದವಳು ಆ ಊರಿನದೇ ಒಂಬತ್ತನೆಯ ತರಗತಿಯ ಹುಡುಗಿ. ಗಗನ ಮಹಲ್ ದಾಟಿ ಓಣಿಗೆ ತಿರುಗಿದವಳು ನನ್ನ ಪಟ್ಟಿಯಲ್ಲಿ ಇಲ್ಲದ ಒಂದು ಮನೆಯ ಮುಂದೆ ನಿಂತಳು. ಕಮಲದ ಎಸಳಿನ ಮೆಟ್ಟಿಲು. “ಅಜ್ಜಿ, ಈ ಕಲ್ಲು ಎಲ್ಲಿಂದ ಬಂತು?” ಎಂದು ಕೂಗಿ ಕರೆದಳು. ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಒಂದು ವರ್ಷ ಹೊಳಿ ಊರಿಗೆ ಬಂದು ಹೋದ ಮ್ಯಾಲೆ ದಂಡಿಯಾಗ ಬಿದ್ದಿತ್ತು, ನಮ್ಮ ಮಾವ ಬಂಡಿಯಾಗ ಹೇರಿಕೊಂಡು ಬಂದ ಎಂದರು. ಇಪ್ಪತ್ತು ಜನ ಬಾಗಿ ಆ ಎಸಳುಗಳನ್ನು ಎಣಿಸುತ್ತಿದ್ದರು. ಹುಡುಗಿ ನೋಟ್‌ಬುಕ್ ತೆರೆದು ನನ್ನ ಕಡೆಗೆ ಕೈ ಚಾಚಿದಳು: “ಸರ್, ಕೆಂಪು ಪೆನ್ನು ಕೊಡ್ರಿ.”